ಜಾಗ ಎಂಬ ಮಾತಿನ ಮೊದಲ ಅರ್ಥ

ಬೆಡೋಕ್, ಸಿಂಗಪುರ
4 ಫೆಬ್ರವರಿ 2024

ಪೂಜ್ಯ ಭಾವನವರಿಗೆ ಅರುಂಧತಿಯ ನಮಸ್ಕಾರಗಳು.

ಈ ಸಲ ಕಾಗದ ಬರೆದವರು ನಿಮ್ಮ ತಮ್ಮನಲ್ಲ, ನಾನು ಎಂದು ನೋಡಿ ಗಾಬರಿಯಾಗಬೇಡಿ. ಇವರಿಗೆ ಕಾಮಾಲೆ. ಪಿತ್ತನಾಳದಲ್ಲಿ ಏನೋ ತಡೆ ಇತ್ತಂತೆ, ಒಂದು ಸಣ್ಣ ಕೊಳವೆ ಹಾಕಿದ್ದಾರೆ. ಇನ್ನೂ ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕು. ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಕಿವಿ ಕೇಳಿಸುವುದಿಲ್ಲ. ಜಲಜಕ್ಕನಿಗೆ ಹೇಳಿದರೆ ಅವರು ಅರ್ಧ ಅತ್ತು ಅರ್ಧ ನಿಮಗೆ ತಲುಪಿಸುತ್ತಾರೆ. ಅದಕ್ಕೇ ಇವರ ಲ್ಯಾಪ್‌ಟಾಪಿನಲ್ಲಿ ಕೂತು ಈ-ಮೇಲ್ ಬರೆಯುತ್ತಿದ್ದೇನೆ.

ಇನ್ನೊಂದು ಕಾರಣವೂ ಇದೆ. ಇವರು ಇಲ್ಲಿಯ ಇಂಗ್ಲಿಷಿನ ವಿಚಿತ್ರ ಮಾತೊಂದನ್ನು ಹಿಡಿದು ಕಳಿಸುವುದು, ನಿಘಂಟಿನ ಕಚೇರಿಯಲ್ಲಿ ಕೂದಲು ನರೆಸಿಕೊಂಡ ನೀವು ಅದರ ಕುಲಗೋತ್ರ ಹುಡುಕಿ ಬರೆಯುವುದು, ನಿಮ್ಮಿಬ್ಬರ ಈ ಆಟ ನಾನು ಮದುವೆಯಾಗಿ ಬಂದಾಗಿನಿಂದ ನಡೆದಿದೆ. ನಿನ್ನೆ ಮಲಗಿದಲ್ಲಿಂದಲೇ, "ಅಣ್ಣಂಗೆ ಜಾಗ ಅನ್ನೋ ವರ್ಡ್ ಕಳಿಸೇ ಇಲ್ಲ ಕಣೇ. ನೀನಾದ್ರೂ ಬರಿ" ಅಂದರು. ಇದು ನಮ್ಮ ಕನ್ನಡದ ಜಾಗ ಅಲ್ಲ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಮಲಾಯ್ ಮುದುಕರಿದ್ದಾರೆ. ಅವರ ಹೆಂಡತಿ ರೋಕಿಯಾ. ಎಲ್ಲರೂ ಮಕ್ಚಿಕ್ ಎನ್ನುತ್ತಾರೆ, ನಾವು ಆಂಟಿ ಅಂದ ಹಾಗೆ. ಆಕೆ ಊಟಕ್ಕೆ ಹೊರಟರೆ ನನ್ನ ಕಡೆ ತಿರುಗಿ, "ಸಿಸ್, ಹೆಲ್ಪ್ ಮಿ ಜಾಗ ಆ" ಎನ್ನುತ್ತಾಳೆ. ನನ್ನ ಗಂಡನನ್ನು ಸ್ವಲ್ಪ ನೋಡಿಕೊಂಡಿರು ಎಂದು. ಹಾಕರ್ ಸೆಂಟರಿನಲ್ಲಿ ಚೀಲ ಬಿಟ್ಟು ತಿಂಡಿ ತರಲು ಹೋಗುವವರೂ ಇದನ್ನೇ ಹೇಳುತ್ತಾರೆ.

ರಾತ್ರಿ ಎಂಟಕ್ಕೆ ನಮ್ಮನ್ನೆಲ್ಲ ಹೊರಗೆ ಕಳಿಸುತ್ತಾರೆ. ನಾನು ಎದ್ದು ಚೀಲ ತೆಗೆದುಕೊಂಡರೆ ಸಾಕು, ಇವರ ಮುಖ ಸಪ್ಪಗಾಗುತ್ತದೆ. "ರಾತ್ರಿ ನಂಗೆ ಏನಾದ್ರೂ ಆದ್ರೆ ಪಕ್ಕದಲ್ಲಿ ಯಾರಾದ್ರೂ ಎಚ್ಚರ ಇರ್ಬೇಕು ಅರು. ಒಬ್ಬನೇ ಹೋಗಕ್ಕಾಗಲ್ಲ" ಅಂದರು. ಕಾಮಾಲೆಗೆ ಯಾರೂ ಹೋಗುವುದಿಲ್ಲ ಎಂದು ಗದರಿದೆ. ಆದರೂ ಎಚ್ಚರವಿರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಆ ಮಕ್ಚಿಕ್‌ಗೆ ಮಾತ್ರ ರಾತ್ರಿ ಇರಲು ಬಿಡುತ್ತಾರೆ, ಒಂದು ಕುರ್ಚಿಯನ್ನೂ ಕೊಟ್ಟಿದ್ದಾರೆ. ಯಾರದೋ ಶಿಫಾರಸು ಇರಬೇಕು. ನನಗೆ ಹೊಟ್ಟೆಕಿಚ್ಚಾಗುತ್ತದೆ.

ನಿಮ್ಮ
ಅರುಂಧತಿ

*

ಮೈಸೂರು
6 ಫೆಬ್ರವರಿ 2024

ಚಿ॥ ಸೌ॥ ಅರುಂಧತಿಗೆ ದ್ವಾರಕನಾಥನ ಆಶೀರ್ವಾದಗಳು.

ಕಾಮಾಲೆಗೆ ಪಥ್ಯ ಮುಖ್ಯ. ಎಣ್ಣೆ ಕೊಡಬೇಡ. ಇನ್ನು ಪದಕ್ಕೆ ಬರುತ್ತೇನೆ.

ಸಂಪತ್ ಮಲಗಿಕೊಂಡೂ ಒಳ್ಳೆಯ ಬೇಟೆಯನ್ನೇ ಹೊಡೆದಿದ್ದಾನೆ. ನೀನು ಹೇಳಿದ್ದು ಸರಿ, ನಮ್ಮ ಜಾಗಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮದು ಪಾರಸಿಯ ಕಡೆಯಿಂದ ಬಂದದ್ದು. ಅವರ ಜಾಗ ಮಲಾಯ್ ಭಾಷೆಯಿಂದ ಅಲ್ಲಿಯ ಇಂಗ್ಲಿಷಿಗೆ ನುಗ್ಗಿದೆ, ಮಲಾಯಿಗೆ ಸಂಸ್ಕೃತದ ಜಾಗರದಿಂದ ಹೋಗಿದೆ. ಜಾಗರ ಎಂದರೆ ಎಚ್ಚರವಾಗಿರುವುದು. ಶಿವರಾತ್ರಿಯ ಜಾಗರಣೆಯೂ ಅದೇ ಮನೆತನ. ಹಿಂದೆ ಸಿಂಗಪುರದಲ್ಲಿ ಬ್ಯಾಂಕು, ಗೋದಾಮುಗಳ ಬಾಗಿಲಿಗೆ ಹಗ್ಗದ ಮಂಚ ಹಾಕಿಕೊಂಡು ರಾತ್ರಿ ಕಾಯುತ್ತಿದ್ದ ಸಿಖ್ಖರನ್ನೂ ಜಾಗ ಎಂದೇ ಕರೆಯುತ್ತಿದ್ದರು. ಎಚ್ಚರವಿರುವವನು ಕಾವಲುಗಾರನಾದ; ಕಾಯುವ ಕೆಲಸ ನೋಡಿಕೊಳ್ಳುವ ಕೆಲಸವಾಯಿತು; ಕೊನೆಗೆ ಚೀಲ ನೋಡಿಕೊಳ್ಳುವ ಮಟ್ಟಕ್ಕೆ ಇಳಿಯಿತು. ಕನ್ನಡದ ಎಚ್ಚರವೂ ಹೀಗೇ ನಡೆದಿದೆಯಲ್ಲ? ನಿದ್ದೆಯಿಂದ ಎದ್ದರೂ ಎಚ್ಚರ, ಜೋಪಾನವಾಗಿದ್ದರೂ ಎಚ್ಚರ.

ನನಗಿರುವ ಪ್ರಶ್ನೆ ಒಂದೇ. ಆ ಮೊದಲ ಅರ್ಥ, ನಿದ್ದೆಗೆಟ್ಟು ಎಚ್ಚರವಿರುವುದು, ಇಂದಿನ ಸಿಂಗಪುರದ ಮಾತಿನಲ್ಲಿ ಉಳಿದಿದೆಯೋ, ಸತ್ತಿದೆಯೋ? ಪ್ರಯೋಗಗಳನ್ನು ಕಳಿಸು. ಯಾರು, ಯಾರಿಗೆ, ಎಲ್ಲಿ ಹೇಳಿದರು ಎಂದಿರಲಿ. ಕಿವಿಯಾರೆ ಕೇಳಿದ್ದು ಮಾತ್ರ, ನಿನ್ನ ವ್ಯಾಖ್ಯಾನ ಬೇಡ.

ಅವನಿಗೆ ರಾತ್ರಿಯ ಭಯ ಹೊಸದಲ್ಲ. ಅಮ್ಮ ಹೋದ ಮೇಲೆ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು. ಕತ್ತಲಲ್ಲಿ ಗಳಿಗೆಗೊಮ್ಮೆ "ಅಣ್ಣ, ಎಚ್ಚರ ಇದ್ದೀಯಾ?" ಎನ್ನುತ್ತಿದ್ದ. "ಇದ್ದೀನಿ, ಮಲಕ್ಕೋ" ಎಂದರೆ ಸರಿ, ಇಲ್ಲದಿದ್ದರೆ ಅಳು. ಎಷ್ಟೋ ಸಲ ನಿದ್ದೆಯಲ್ಲೇ ಉತ್ತರ ಕೊಟ್ಟಿದ್ದೇನೆ. ಆ ಹೆಂಗಸಿಗೆ ಬಿಟ್ಟರೆ ನಿನಗೂ ಬಿಡಬೇಕು. ಬಾಯಿಬಿಟ್ಟು ಕೇಳು.

ದ್ವಾರಕನಾಥ

*

ಬೆಡೋಕ್
15 ಫೆಬ್ರವರಿ 2024

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ಪ್ರಯೋಗಗಳು ಇಗೋ. ನಮ್ಮ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ನೆಲಮಟ್ಟದ ಖಾಲಿ ಅಂಗಳದಲ್ಲಿ, ಚೀನೀ ಹುಡುಗಿ ನನಗೆ: "ಆಂಟಿ, ಹೆಲ್ಪ್ ಮಿ ಜಾಗ ಮೈ ಬೈಕ್." ವಾರ್ಡಿನಲ್ಲಿ ತಮಿಳು ನರ್ಸ್ ಇನ್ನೊಬ್ಬ ನರ್ಸಿಗೆ: "ಯು ಜಾಗ ಬೆಡ್ ಸಿಕ್ಸ್, ಐ ಗೋ ಈಟ್." ಆರನೇ ಬೆಡ್ಡು ಅಂದರೆ ನಿಮ್ಮ ತಮ್ಮ. ನೀವು ಕೇಳಿದ ಮೊದಲ ಅರ್ಥದ್ದು ಒಂದೂ ಸಿಗಲಿಲ್ಲ. ಇಲ್ಲಿ ಎಲ್ಲರೂ ಎಲ್ಲವನ್ನೂ ಕಾಯುತ್ತಾರೆ, ಎಚ್ಚರದ ಮಾತು ಯಾರೂ ಆಡುವುದಿಲ್ಲ.

ರಾತ್ರಿಯ ವಿಷಯ ಕೇಳಿದೆ. ಆಗುವುದಿಲ್ಲ ಎಂದರು. ಆಕೆಗೆ ಹೇಗೆ ಬಿಟ್ಟಿರಿ ಅಂದೆ. ನರ್ಸ್ ನನ್ನ ಮುಖ ನೋಡಿ, "ದ್ಯಾಟ್ ಒನ್ ಡಿಫರೆಂಟ್ ಕೇಸ್, ಮೇಡಮ್" ಎಂದು ಕೆಲಸಕ್ಕೆ ಹೋದಳು. ನನಗೆ ಮೈಯೆಲ್ಲ ಉರಿಯಿತು.

ಇವರು ಸೋತಿದ್ದಾರೆ. ಇಡ್ಲಿ ತಂದರೆ ಒಂದು ಚೂರು ಬಾಯಿಗಿಟ್ಟುಕೊಂಡು ನನಗೋಸ್ಕರ ನುಂಗುತ್ತಾರೆ. ನಿಮ್ಮ ಕಾಗದ ಓದಿ ಹೇಳಿದೆ. ಹಗ್ಗದ ಮಂಚದ ಸಿಖ್ಖರು ಬಂದಾಗ ನಕ್ಕರು. ಚಾಪೆಯ ವಿಷಯ ಬಂದಾಗ ಗೋಡೆಯ ಕಡೆ ತಿರುಗಿಕೊಂಡರು.

ಅರುಂಧತಿ

*

ಮೈಸೂರು
16 ಫೆಬ್ರವರಿ 2024

ಚಿ॥ ಸೌ॥ ಅರುಂಧತಿಗೆ ಆಶೀರ್ವಾದಗಳು.

ಡಿಫರೆಂಟ್ ಕೇಸ್ ಎಂದರೇನು? ರೋಗಿ ರೋಗಿಯೇ. ಸುಮ್ಮನೆ ಬಿಡಬೇಡ, ಹಠ ಹಿಡಿ. ದೊಡ್ಡ ಡಾಕ್ಟರು ಬಂದಾಗ ಎದುರಿಗೇ ನಿಂತು ಕೇಳು. ನೀನು ಮಾತಿನಲ್ಲಿ ಯಾರಿಗೂ ಸೋತವಳಲ್ಲ, ನನ್ನ ಬಾಯನ್ನೇ ಎಷ್ಟು ಸಲ ಮುಚ್ಚಿಸಿದ್ದೀಯೆ.

ಪ್ರಯೋಗಗಳು ಚೆನ್ನಾಗಿವೆ. ಆದರೆ ಎಲ್ಲವೂ ಎರಡನೆಯ ಅರ್ಥದವು. ಮೊದಲನೆಯದಕ್ಕೆ ಇನ್ನೂ ಕಿವಿಗೊಡು.

ದ್ವಾರಕನಾಥ

*

ಬೆಡೋಕ್
2 ಮಾರ್ಚ್ 2024

ಪೂಜ್ಯ ಭಾವನವರಿಗೆ,

ಗೆದ್ದೆ! ನಿಮ್ಮ ಮಾತಿನಂತೆ ಹಠ ಹಿಡಿದೆ. ದಿನಾ ಕೇಳಿದೆ, ಎಂಟು ಗಂಟೆಗೆ ಎದ್ದು ಹೋಗದೆ ಲಿಫ್ಟಿನ ಹತ್ತಿರ ನಿಂತು ಅತ್ತೂ ಅತ್ತೆ. ನಿನ್ನೆ ಸಂಜೆ ಡಾಕ್ಟರು ಇವರನ್ನು ನೋಡಿಕೊಂಡು ಹೋದ ಮೇಲೆ ಅದೇ ನರ್ಸ್ ತಾನೇ ಬಂದು, "ಮೇಡಮ್, ಟುಡೇ ಆನ್‌ವರ್ಡ್ ಯು ಕ್ಯಾನ್ ಸ್ಟೇ. ಹೀ ಆನ್ ಡಿ.ಐ.ಎಲ್. ಆಲ್ರೆಡಿ" ಎಂದಳು. ಡಿ.ಐ.ಎಲ್. ಎಂದರೆ ಯಾವುದೋ ವಿಭಾಗವಿರಬೇಕು. ಒಬ್ಬರಿಗೆ ಮಾತ್ರ ಅನುಮತಿ. ಮಕ್ಚಿಕ್‌ಗೆ ಕೊಟ್ಟಂಥದ್ದೇ ಕುರ್ಚಿ ನನಗೂ ಬಂತು, ಹಿಂದಕ್ಕೆ ಬಾಗುತ್ತದೆ. ನಾನು ನರ್ಸಿನ ಕೈ ಹಿಡಿದು ಮೂರು ಸಲ ಥ್ಯಾಂಕ್ಸ್ ಹೇಳಿದೆ. ಮನೆಯಿಂದ ತಂದಿದ್ದ ಕೋಡುಬಳೆಯನ್ನು ವಾರ್ಡಿನಲ್ಲಿ ಎಲ್ಲರಿಗೂ ಹಂಚಿದೆ. ಮಕ್ಚಿಕ್ ಮಾತ್ರ ತೆಗೆದುಕೊಳ್ಳಲಿಲ್ಲ, ನನ್ನ ತಲೆ ಸವರಿದಳು. ಎದುರು ಸ್ಪರ್ಧಿ ಬಂದಳೆಂದು ಬೇಸರವೇನೋ ಅಂದುಕೊಂಡೆ.

ನಿನ್ನೆ ರಾತ್ರಿ ಇವರು ಕತ್ತಲಲ್ಲಿ, "ಅರು, ಎಚ್ಚರ ಇದ್ದೀಯಾ?" ಅಂದರು. ನಿಮ್ಮ ಮಾತನ್ನೇ ಕದ್ದು, "ಇದ್ದೀನಿ, ಮಲಕ್ಕೊಳ್ಳಿ" ಅಂದೆ. ಎಷ್ಟು ನಿರಾಳವಾಗಿ ನಿದ್ದೆ ಹೋದರು ಗೊತ್ತೇ!

ಅರುಂಧತಿ

*

ಮೈಸೂರು
3 ಮಾರ್ಚ್ 2024

ಚಿ॥ ಸೌ॥ ಅರುಂಧತಿಗೆ,

ಭಲೆ! ಕೇಳಿದರೆ ಕೊಡುತ್ತಾರೆ ಎಂದು ನಾನು ಹೇಳಲಿಲ್ಲವೇ? ಜಲಜಾಗೂ ಓದಿ ಹೇಳಿದೆ. ಅವಳು ಯಾಕೋ ಎದ್ದು ಅಡುಗೆಮನೆಗೆ ಹೋದಳು. ಬರುವ ಶುಕ್ರವಾರ ಶಿವರಾತ್ರಿ. ನೀನು ಅಲ್ಲಿ, ನಾನು ಇಲ್ಲಿ, ಇಬ್ಬರೂ ಜಾಗ.

ದ್ವಾರಕನಾಥ

*

ಬೆಡೋಕ್
6 ಮಾರ್ಚ್ 2024

ಭಾವ,

ಡಿ.ಐ.ಎಲ್. ವಿಭಾಗವಲ್ಲ. ಡೇಂಜರಸ್ಲಿ ಇಲ್ ಲಿಸ್ಟ್, ಸಾವಿನ ಅಂಚಿನಲ್ಲಿರುವವರ ಪಟ್ಟಿ. ಆ ಪಟ್ಟಿಯಲ್ಲಿ ಹೆಸರು ಬಂದರೆ ಮಾತ್ರ ಮನೆಯವರನ್ನು ರಾತ್ರಿ ಇರಲು ಬಿಡುತ್ತಾರೆ. ನಿಶ್ಚಿತಾ ನಿನ್ನೆ ಹೇಳಿದಳು. ಅವಳಿಗೆ ಮೊದಲ ದಿನವೇ ಗೊತ್ತಿತ್ತಂತೆ. "ನೀನು ಅಷ್ಟು ಖುಷಿಯಾಗಿದ್ದೆ ಅಮ್ಮ, ಹೆಂಗೆ ಹೇಳ್ಲಿ?" ಅಂತ ಮಗಳು ಕಾರಿಡಾರಿನಲ್ಲಿ ಕೂತು ಬಿಕ್ಕಿದಳು.

ನಾನು ಅದಕ್ಕೆ ಕೋಡುಬಳೆ ಹಂಚಿದೆ.

ಇದು ಕಾಮಾಲೆಯಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ದೀಪಾವಳಿಯ ಹೊತ್ತಿಗೇ ಗೊತ್ತಾಗಿತ್ತು. ನಿಮಗೆ ತಿಳಿಸಬಾರದೆಂದು ಇವರು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಇನ್ನೊಂದು ಬೇಸಿಗೆ ಸಿಗಬಹುದು ಎಂದು ನಂಬಿಕೊಂಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ. ಹಠ ಹಿಡಿದು ಹಠ ಹಿಡಿದು ಏನನ್ನು ಬೇಡಿ ತಂದೆ ನೋಡಿ.

ಅರುಂಧತಿ

*

ಮೈಸೂರು
7 ಮಾರ್ಚ್ 2024

ಚಿ॥ ಸೌ॥ ಅರುಂಧತಿಗೆ,

ಬೇಡಿದ್ದರಿಂದ ಬಂದದ್ದಲ್ಲ ತಾಯಿ. ಬರುವುದು ಬಂದಿದೆ. ಹಠ ಹಿಡಿ ಎಂದವನು ನಾನು, ಆ ಅಸಹ್ಯ ನನಗಿರಲಿ.

ಕಾಮಾಲೆಯಲ್ಲ ಎಂದು ನನಗೂ ಗೊತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ನಿಶ್ಚಿತಾ ಜಲಜಾಗೆ ಹೇಳಿದ್ದಳು. ನೀನು ಮುಚ್ಚಿಟ್ಟು ಬರೆಯುತ್ತಿದ್ದೀಯೆ, ಅದನ್ನು ಕೆದಕಬಾರದೆಂದು ನಾನೂ ಪದವನ್ನೇ ಹಿಡಿದು ಕೂತೆ. ಇನ್ನೇನು ಬರೆಯಬೇಕೋ ತಿಳಿಯಲಿಲ್ಲ. ಪಟ್ಟಿಯ ಸಂಗತಿ ಮಾತ್ರ ನನಗೂ ಗೊತ್ತಿರಲಿಲ್ಲ.

ಪಾಸ್‌ಪೋರ್ಟಿನ ಅವಧಿ ಮುಗಿದಿದೆ. ತತ್ಕಾಲ್‌ನಲ್ಲಿ ಅರ್ಜಿ ಹಾಕಿದ್ದೇನೆ. ಪಕ್ಕದ ಮನೆಯ ಗೋಪಿನಾಥ್ ಓಡಾಡುತ್ತಿದ್ದಾರೆ. ನಾನು ಬರುವವರೆಗೆ ಅವನು ಕೇಳಿದಾಗಲೆಲ್ಲ ಇದ್ದೀನಿ ಎನ್ನುತ್ತಿರು. ಅಷ್ಟು ಸಾಕು.

ದ್ವಾರಕನಾಥ

*

ಬೆಡೋಕ್
10 ಮಾರ್ಚ್ 2024

ಭಾವ,

ಶಿವರಾತ್ರಿ ಕಳೆಯಿತು. ನೀವು ಅಲ್ಲಿ ಎದ್ದಿದ್ದಿರಿ, ನಾನು ಇಲ್ಲಿ ಎದ್ದಿದ್ದೆ, ಏನೂ ಆಗಲಿಲ್ಲ. ಬೆಳಿಗ್ಗೆ ಇವರು ಕಾಫಿ ಬೇಕೆಂದರು. ಹತ್ತಿಯನ್ನು ಅದ್ದಿ ತುಟಿಗೆ ಹಚ್ಚಿದೆ. "ಡಿಕಾಕ್ಷನ್ ಲೈಟ್ ಆಯ್ತು" ಅಂದರು. ಹೀಗೇ ಇದ್ದುಬಿಟ್ಟರೆ ಸಾಕು ಎಂದು ಆಸೆಯಾಗುತ್ತದೆ. ಆಸೆಪಡಲು ಭಯವೂ ಆಗುತ್ತದೆ.

ಒಂದು ರಾತ್ರಿ ನಾನಿರುತ್ತೇನೆ, ಮನೆಗೆ ಹೋಗಿ ಮಲಗು ಎಂದು ನಿಶ್ಚಿತಾ ಜಗಳ ಮಾಡುತ್ತಾಳೆ. ಬಿಟ್ಟುಕೊಡಲಾರೆ. ಮಾತು ಕೊಟ್ಟವಳು ನಾನು. ಮಕ್ಚಿಕ್ ಬೈಯುತ್ತಾಳೆ: "ಸಿಸ್, ಯು ಸ್ಲೀಪ್ ಲಾ. ಐ ಜಾಗ ಬೋತ್." ಇಬ್ಬರು ಗಂಡಸರನ್ನೂ ಆಕೆಯೇ ನೋಡಿಕೊಳ್ಳುತ್ತಾಳಂತೆ. ಆದರೂ ನಾನು ಮಲಗಿಲ್ಲ. ಈಗ ಕಣ್ಣು ಮುಚ್ಚದಿದ್ದರೂ ಗೋಡೆ ಅಲುಗಾಡುತ್ತದೆ. ಬೇಗ ಬನ್ನಿ.

ಅರುಂಧತಿ

*

ಮೈಸೂರು
26 ಮಾರ್ಚ್ 2024

ಅರುಂಧತಿಗೆ,

ಹನ್ನೆರಡನೆಯ ದಿನದ ಕೆಲಸ ಅಲ್ಲಿ ಸಾಂಗವಾಗಿ ನಡೆಯಿತೆಂದು ಜಲಜಾ ಹೇಳಿದಳು. ಫೋನಿನಲ್ಲಿ ನಿನ್ನ ದನಿ ಅವಳಿಗೆ ಕೇಳಿಸಿತು. ನನಗೆ ಅದೂ ಇಲ್ಲ.

ಪಾಸ್‌ಪೋರ್ಟು ಅವನು ಹೋದ ಮರುದಿನ ಬಂತು. ಕವರನ್ನು ಒಡೆದಿಲ್ಲ. ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡು, "ಫಾರಿನ್ ಟ್ರಿಪ್ಪಾ ಸಾರ್?" ಎಂದು ನಗುತ್ತಾ ಕಿವಿಯ ಹತ್ತಿರ ಜೋರಾಗಿ ಕೇಳಿದ. ಹೌದಪ್ಪ ಎಂದೆ.

ಒಂದೇ ಒಂದು ಮಾತು ಕೇಳಬೇಕು. ಕೊನೆಯ ಹೊತ್ತಿನಲ್ಲಿ ನೀನು ಎಚ್ಚರವಿದ್ದೆಯಷ್ಟೇ? ಅವನು ಕೇಳಿದನೇ, ನೀನು ಇದ್ದೀನಿ ಎಂದೆಯಾ? ಹೌದು ಎಂದಷ್ಟೇ ಬರೆ. ಈ ಮುದುಕ ಅದನ್ನು ಇಟ್ಟುಕೊಂಡು ಉಳಿದ ದಿನ ತಳ್ಳುತ್ತಾನೆ.

ದ್ವಾರಕನಾಥ

*

ಮೈಸೂರು
8 ಏಪ್ರಿಲ್ 2024

ಚಿ॥ ಅರುಂಧತಿಗೆ,

ನಿನ್ನ ಉತ್ತರ ಬರಲಿಲ್ಲ. ನಾಳೆ ಯುಗಾದಿ, ನಮಗಿಲ್ಲ. ಜಲಜಾ ಬೇವು ಮಾತ್ರ ತಂದಿಟ್ಟಿದ್ದಾಳೆ.

ನಾನು ಕೇಳಬಾರದ್ದನ್ನು ಕೇಳಿದೆ. ಆ ಪ್ರಶ್ನೆಯನ್ನು ವಾಪಸು ತೆಗೆದುಕೊಂಡಿದ್ದೇನೆ. ಜಾಗ ಪದಕ್ಕೆಂದು ಬರೆದಿಟ್ಟಿದ್ದ ಚೀಟಿಯನ್ನೂ ಪದಗಳ ಡಬ್ಬಕ್ಕೆ ಹಾಕಿಬಿಟ್ಟೆ. ಮೊದಲ ಅರ್ಥಕ್ಕೆ ಪ್ರಯೋಗ ದೊರೆತಿಲ್ಲ ಎಂದು ಬರೆದು ಮುಗಿಸಿದೆ. ಆಟವಾಡಲು ಆ ಕಡೆ ಯಾರೂ ಇಲ್ಲ. ನೀನು ಊಟ ಮಾಡುತ್ತಿದ್ದೀಯಾ, ಅದೊಂದನ್ನು ತಿಳಿಸು.

ದ್ವಾರಕನಾಥ

*

ಬೆಡೋಕ್
21 ಏಪ್ರಿಲ್ 2024

ಪೂಜ್ಯ ಭಾವನವರಿಗೆ ಅರುಂಧತಿಯ ನಮಸ್ಕಾರಗಳು.

ಊಟ ಮಾಡುತ್ತಿದ್ದೇನೆ. ನಿಶ್ಚಿತಾ ಎದುರಿಗೆ ಕೂತು ತಿನ್ನಿಸುತ್ತಾಳೆ. ನಿಮ್ಮ ಮಾರ್ಚ್ 26ರ ಕಾಗದದ ತಲೆಯ ಮೇಲೆ ನನ್ನ ಹೆಸರೊಂದೇ ಇತ್ತು. ಸೌ॥ ಇರಲಿಲ್ಲ. ಎಲ್ಲರೂ ಫೋನ್ ಮಾಡಿ ಏನೇನೋ ಹೇಳಿದ್ದರು, ಒಂದೂ ಒಳಗೆ ಇಳಿದಿರಲಿಲ್ಲ. ಆ ಎರಡು ಗೆರೆ ಇಲ್ಲದ್ದನ್ನು ನೋಡಿದಾಗ ಇವರು ಇಲ್ಲ ಎಂದು ಗೊತ್ತಾಯಿತು. ನಿಮ್ಮನ್ನು ದೂರುತ್ತಿಲ್ಲ. ನೀವು ಬೇರೆ ಹೇಗೆ ಬರೆಯಬೇಕಿತ್ತು?

ನೀವು ಪ್ರಶ್ನೆಯನ್ನು ವಾಪಸು ತೆಗೆದುಕೊಂಡರೂ ಅದು ಇಲ್ಲೇ ಇದೆ. ಉತ್ತರ, ಇಲ್ಲ. ನಾನು ಎಚ್ಚರವಿರಲಿಲ್ಲ.

ಆ ರಾತ್ರಿ ಕೂತೇ ಇದ್ದೆ. ಅವರ ಕೈ ನನ್ನ ಕೈಯಲ್ಲಿತ್ತು. ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಕಣ್ಣು ಬಿಟ್ಟಾಗ ಬೆಳಗಾಗಿತ್ತು, ನನ್ನ ಮೈಮೇಲೆ ಮಕ್ಚಿಕ್‌ನ ಶಾಲು ಇತ್ತು, ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಕೈ ಇನ್ನೂ ನನ್ನ ಕೈಯಲ್ಲೇ ಇತ್ತು, ತಣ್ಣಗಿತ್ತು. ಮಕ್ಚಿಕ್ ಪಕ್ಕದಲ್ಲಿ ನಿಂತಿದ್ದಳು. ಯಾಕೆ ಎಬ್ಬಿಸಲಿಲ್ಲ ಎಂದು ಆಕೆಯ ತೋಳು ಹಿಡಿದು ಅಲುಗಾಡಿಸಿ ಕಿರುಚಿದೆ. ಕನ್ನಡದಲ್ಲಿ ಕಿರುಚಿದೆನಂತೆ. ಆಕೆ ಏನೋ ಹೇಳಲು ಬಂದಳು, ನಾನು ಕೇಳಿಸಿಕೊಳ್ಳಲಿಲ್ಲ. ಆ ಶಾಲನ್ನು ನೆಲಕ್ಕೆ ಎಸೆದು ಬಂದೆ.

ನಿಮಗೆ ಹೌದು ಎಂದು ಬರೆಯಲು ಎಷ್ಟು ಸಲ ಕೂತೆನೋ. ಎರಡಕ್ಷರ. ಕೈ ಬರಲಿಲ್ಲ. ಕಿವಿಯಾರೆ ಕೇಳಿದ್ದನ್ನೇ ಬರೆ ಎಂದು ಕಲಿಸಿದವರು ನೀವು.

ಕಳೆದ ವಾರ ಜುರಾಂಗ್ ವೆಸ್ಟಿಗೆ, ಮಕ್ಚಿಕ್‌ನ ಮನೆಗೆ ಹೋಗಿದ್ದೆ. ನಿಶ್ಚಿತಾಳ ಹತ್ತಿರ ಆಕೆಯ ನಂಬರಿತ್ತು. ಆಕೆಯ ಗಂಡನೂ ಹೋಗಿಬಿಟ್ಟಿದ್ದಾರೆ. ಚಹಾ ಕೊಟ್ಟಳು. ಅದೇ ಶಾಲನ್ನು ಹೊದ್ದುಕೊಂಡಿದ್ದಳು. ಎಬ್ಬಿಸಬೇಕಿತ್ತು ಎಂದು ಮತ್ತೆ ಅಂದೆ, ಈ ಸಲ ಮೆಲ್ಲಗೆ. ಆಕೆ ಹೇಳಿದ್ದನ್ನು ನಿಮ್ಮ ನಿಯಮದಂತೆ ಬರೆಯುತ್ತೇನೆ. ರೋಕಿಯಾ, ನನಗೆ, ತನ್ನ ಮನೆಯ ಅಡುಗೆಕೋಣೆಯಲ್ಲಿ: "ಐ ವಾಂಟ್ ಟು ವೇಕ್ ಯು. ಹೀ ಲುಕ್ ಅಟ್ ಮಿ, ಹೀ ಡೂ ಲೈಕ್ ದಿಸ್." ತನ್ನ ಅಂಗೈಯನ್ನು ನೆಲದ ಕಡೆ ತಿರುಗಿಸಿ ಮೆಲ್ಲಗೆ ಒತ್ತಿ ತೋರಿಸಿದಳು, ಬೇಡ, ಮಲಗಲಿ ಎಂದು. ಆಮೇಲೆ ಅಂದಳು: "ಹೀ ನೋ ಸ್ಲೀಪ್, ಸಿಸ್. ಯು ಸ್ಲೀಪ್. ಅಂಟಿಲ್ ಮಾರ್ನಿಂಗ್ ಹೀ ಜಾಗ ಯು."

ನೀವು ಹುಡುಕುತ್ತಿದ್ದ ಪ್ರಯೋಗ ಇದೇ ಇರಬೇಕು. ಡಬ್ಬದಿಂದ ಚೀಟಿ ತೆಗೆಯುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನಡೆದದ್ದನ್ನು ಹೇಳಿದಳೋ, ನನ್ನ ಮುಖ ನೋಡಲಾರದೆ ಸಮಾಧಾನಕ್ಕೆ ಹೇಳಿದಳೋ, ತಿಳಿಯಲು ದಾರಿಯಿಲ್ಲ. ಸುಳ್ಳಾದರೆ ಅವರು ಒಬ್ಬರೇ ಹೋದರು. ನಿಜವಾದರೆ, ಅಷ್ಟು ಹೆದರುತ್ತಿದ್ದ ಮನುಷ್ಯ ಆ ಹೆದರಿಕೆಯನ್ನೆಲ್ಲ ನುಂಗಿಕೊಂಡು, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ನನ್ನನ್ನು ಬೆಳಗಿನವರೆಗೆ ಕಾದರು. ಯಾವುದು ನಿಜವಾಗಿರಲಿ ಎಂದು ಬೇಡಿಕೊಳ್ಳಬೇಕೋ ನನಗೆ ಗೊತ್ತಾಗುತ್ತಿಲ್ಲ, ಭಾವ.

ಆ ಒಂದು ರಾತ್ರಿ ಮಾತ್ರ ಎಚ್ಚರ ಇದ್ದೀಯಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಎದ್ದುಬಿಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ಅರುಂಧತಿ